ಕಥೆಯ ಫೈಲ್ ಕೊಡಿ, ಬರೀ ಇಎಕ್ಸ್‌ಇ ಬೇಡ

ನಿನ್ನೆ ರಾತ್ರಿ ಗೆಳೆಯರೊಬ್ಬರು ತಾವೇ ಬರೆದ ಟೆಕ್ಸ್ಟ್ ಅಡ್ವೆಂಚರ್ ಆಟ ಕಳಿಸಿದರು. ಎರಡು ವರ್ಷ ಕೂತು ಬರೆದದ್ದು. ಆಸೆಯಿಂದ ನೋಡಿದರೆ ಬಂದದ್ದು ಒಂದೇ ಒಂದು ಇಎಕ್ಸ್‌ಇ ಫೈಲ್, ಅಂದರೆ ವಿಂಡೋಸ್‌ಗೆ ಅಂತ ಮಾಡಿದ ಪ್ರೋಗ್ರಾಂ. ನನ್ನದು ಲಿನಕ್ಸ್ ಅಂತ ನಿಮಗೆಲ್ಲ ಗೊತ್ತೇ ಇದೆ. ಆಟ ತೆರೆಯಲೇ ಇಲ್ಲ.

ತುಂಬಾ ಬೇಜಾರಾಯಿತು. ಅಕ್ಷರ ಬಿಟ್ಟರೆ ಈ ಆಟದಲ್ಲಿ ಬೇರೇನಿದೆ? ‘ಉತ್ತರಕ್ಕೆ ಹೋಗು’, ‘ದೀಪ ಹಚ್ಚು’ ಅಂತ ಟೈಪ್ ಮಾಡಿದರೆ ಕಥೆ ಮುಂದೆ ಹೋಗುತ್ತದೆ. ಇಂಥದ್ದನ್ನೂ ಒಂದೇ ಸಿಸ್ಟಮ್‌ಗೆ ಕಟ್ಟಿಹಾಕಬೇಕಾ?

ಈ ತೊಡಕನ್ನು 1979ರಲ್ಲೇ ಬಿಡಿಸಿದ್ದಾರೆ ಕಣ್ರೀ! ಅಮೆರಿಕದ ಎಂಐಟಿಯಲ್ಲಿ ಝಾರ್ಕ್ ಅನ್ನೋ ಟೆಕ್ಸ್ಟ್ ಅಡ್ವೆಂಚರ್ ಹುಟ್ಟಿದ್ದು ಪಿಡಿಪಿ-10 ಅನ್ನೋ ದೊಡ್ಡ ಯಂತ್ರದಲ್ಲಿ. ಅದನ್ನು ಮನೆಯ ಪುಟ್ಟ ಕಂಪ್ಯೂಟರ್‌ಗಳಿಗೆ ತರಬೇಕಿತ್ತು. ಆಗ ಒಂದೊಂದು ಕಂಪ್ಯೂಟರ್ ಒಂದೊಂದು ಥರ. ಆಪಲ್ 2ಕ್ಕೆ ಬರೆದದ್ದು ಟಿಆರ್‌ಎಸ್-80ಯಲ್ಲಿ ಓಡದು. ಝಾರ್ಕ್ ಮಾರಿದ ಇನ್ಫೋಕಾಮ್ ಕಂಪನಿಯ ಜೋಯಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ ಎಲ್ಲೂ ಇಲ್ಲದ ಒಂದು ಕಂಪ್ಯೂಟರನ್ನು ಕಲ್ಪಿಸಿಕೊಂಡರು. ಅದೇ ಝೆಡ್-ಮಷೀನ್. ಆಟ, ಅಂದರೆ ಕಥೆಯ ಫೈಲ್, ಓಡುವುದು ಆ ಕಲ್ಪನೆಯ ಯಂತ್ರದ ಮೇಲೆ. ನಿಜವಾದ ಪ್ರತಿ ಕಂಪ್ಯೂಟರ್‌ಗೂ ಒಂದು ಇಂಟರ್‌ಪ್ರಿಟರ್, ಅಂದರೆ ಆ ಯಂತ್ರದಂತೆ ನಟಿಸುವ ಪ್ರೋಗ್ರಾಂ, ಬರೆದರೆ ಮುಗಿಯಿತು. ಆಟವನ್ನು ಮುಟ್ಟಬೇಕಾಗಿಯೇ ಇಲ್ಲ.

ಇನ್ಫೋಕಾಮ್ 1989ರಲ್ಲಿ ಬಾಗಿಲು ಹಾಕಿತು. ಆ ಕಥೆಯ ಫೈಲ್‌ಗಳು ಇವತ್ತಿಗೂ ಫ್ರಾಟ್ಜ್ ಅನ್ನೋ ಇಂಟರ್‌ಪ್ರಿಟರ್‌ನಲ್ಲಿ ಓಡುತ್ತವೆ, ನನ್ನ ಫೋನಿನಲ್ಲೂ! ಝೆಡ್5 ಅನ್ನೋ ಬಗೆಯ ಕಥೆಯ ಫೈಲ್ ಅಂದರೆ ಹೆಚ್ಚೆಂದರೆ 256 ಕೆಬಿ. ಕ್ವೆಟ್ಜಾಲ್ ಅನ್ನೋ ಸಾಮಾನ್ಯ ರೂಪದಲ್ಲಿ ಸೇವ್ ಮಾಡುವ ಇಂಟರ್‌ಪ್ರಿಟರ್ ಎರಡೂ ಕಡೆ ಇದ್ದರೆ ಫೋನಿನಲ್ಲಿ ನಿಲ್ಲಿಸಿದ ಆಟವನ್ನು ಕಂಪ್ಯೂಟರ್‌ನಲ್ಲಿ ಮುಂದುವರಿಸಬಹುದು. ಮೊದಲ ಸಲ ಹಾಗೆ ಮಾಡಿದ ದಿನ ನಾನು ಕುಣಿದಾಡಿದ್ದೆ.

ನನಗೆ ಜಾಸ್ತಿ ನೋವಾದದ್ದು ಇನ್ನೊಂದಕ್ಕೆ. ಗೆಳೆಯರು ಆಟ ಬರೆದದ್ದು ಇನ್‌ಫಾರ್ಮ್ ಅನ್ನೋ ಭಾಷೆಯಲ್ಲಿ. 1993ರಲ್ಲಿ ಗ್ರಹಾಂ ನೆಲ್ಸನ್ ಅದನ್ನು ಮಾಡಿದ್ದೇ ಝೆಡ್-ಮಷೀನ್‌ಗೆ ಆಟ ಬರೆಯಲು. ಅಂದರೆ ಎಲ್ಲ ಕಡೆ ಓಡುವ ಫೈಲ್ ಅವರ ಕೈಯಲ್ಲೇ ಇತ್ತು. ಅದನ್ನು ಇಎಕ್ಸ್‌ಇ ಒಳಗೆ ತುಂಬಿ ಬೀಗ ಹಾಕಿ ಕಳಿಸಿದ್ದಾರೆ.

‘ಜನಕ್ಕೆ ಇಂಟರ್‌ಪ್ರಿಟರ್ ಅಂದರೆ ಏನು ಅಂತಲೇ ಗೊತ್ತಿಲ್ಲ, ಎರಡು ಸಲ ಒತ್ತಿದರೆ ತೆರೆಯಬೇಕು’ ಅಂತಾರೆ ಕೆಲವರು. ಸರಿ, ಅವರಿಗೆ ಇಎಕ್ಸ್‌ಇ ಕೊಡಿ. ಪಕ್ಕದಲ್ಲಿ ಕಥೆಯ ಫೈಲನ್ನೂ ಇಡಿ. ಪಾರ್ಚ್‌ಮೆಂಟ್ ಅನ್ನೋ ಇಂಟರ್‌ಪ್ರಿಟರ್ ಇದೆ, ಅದನ್ನು ಬ್ರೌಸರ್‌ನಲ್ಲೇ ಓಡಿಸುತ್ತದೆ. ‘ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿಕೋ’ ಅಂತಲೂ ಹೇಳುತ್ತಾರೆ. ಫೋನ್ ಬಿಟ್ಟು ಬೇರೇನೂ ಇಲ್ಲದವರು ಏನು ಮಾಡಬೇಕು? ಕಣ್ಣು ಕಾಣದವರು ಇಷ್ಟಪಟ್ಟು ಆಡುವ ಆಟಗಳು ಇವು. ಆ ಇಎಕ್ಸ್‌ಇ ಕಿಟಕಿ ಪರದೆಯ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಅವರ ಸ್ಕ್ರೀನ್ ರೀಡರ್‌ಗೆ ಓದಲು ಬಾರದಿದ್ದರೆ ಅಲ್ಲಿಗೆ ಆಟ ಮುಗಿಯಿತು. ಕಥೆಯ ಫೈಲ್ ಇದ್ದರೆ ತಮಗೆ ಹೊಂದುವ ಇಂಟರ್‌ಪ್ರಿಟರ್ ಆರಿಸಿಕೊಳ್ಳುತ್ತಾರೆ, ಅಲ್ವಾ?

ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ನಾನು ಬರೆದ ಮೊದಲ ಆಟ ನನ್ನ ಹತ್ತಿರವೇ ಇಲ್ಲ. ಹಳೆಯ ಸಿಸ್ಟಮ್‌ಗೆ ಅಂತ ಮಾಡಿದ ಪ್ರೋಗ್ರಾಂ ಮಾತ್ರ ಉಳಿದಿತ್ತು. ಮೂಲ ಕೋಡ್ ಡಿಸ್ಕ್ ಜೊತೆಗೇ ಹೋಯಿತು. ಅದರಲ್ಲಿ ನನ್ನ ಅಜ್ಜಿ ಹೇಳುತ್ತಿದ್ದ ಒಂದು ಒಗಟು ಇತ್ತು. ಈಗ ಅದರ ಅರ್ಧವಷ್ಟೇ ನೆನಪಿದೆ.

ಬೆಳಿಗ್ಗೆ ಗೆಳೆಯರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಹತ್ತು ನಿಮಿಷದಲ್ಲಿ ಝೆಡ್8 ಬಗೆಯ ಕಥೆಯ ಫೈಲ್ ಬಂತು. ಮಧ್ಯಾಹ್ನದಿಂದ ಆಡುತ್ತಿದ್ದೇನೆ. ಬಾವಿಯೊಳಗೆ ಇಳಿದಿದ್ದೇನೆ, ದೀಪದ ಎಣ್ಣೆ ಮುಗಿಯುತ್ತಾ ಬಂದಿದೆ, ಮೇಲೆ ಹತ್ತುವ ದಾರಿ ಇನ್ನೂ ಸಿಕ್ಕಿಲ್ಲ.