ನಲ್ಲಿಯ ಬಿಳಿ ಕರೆಗೆ ಸ್ಟೀಲ್ ಸ್ಕ್ರಬ್ಬರ್ ಬೇಡ, ಹುಳಿ ಸಾಕು

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿ ನೀರು ಸಣ್ಣಗೆ ಬರತೊಡಗಿದರೆ ಮೊದಲು ಅನುಮಾನ ಟ್ಯಾಂಕಿನ ಮೇಲೆ, ಆಮೇಲೆ ಪ್ಲಂಬರ್‌ಗೆ ಫೋನ್. ಅದಕ್ಕೂ ಮುಂಚೆ ಪಕ್ಕದ ನಲ್ಲಿ ತಿರುಗಿಸಿ ನೋಡಿ. ಅಲ್ಲಿ ನೀರು ಜೋರಾಗಿದ್ದರೆ ಸಾಮಾನ್ಯವಾಗಿ ತೊಂದರೆ ಇರುವುದು ಈ ನಲ್ಲಿಯ ಬಾಯಲ್ಲಿರುವ ಪುಟ್ಟ ಜಾಲರಿಯಲ್ಲಿ.

ಗಡಸು ನೀರು ಕಾದಾಗ, ಆರಿದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಗಟ್ಟಿಯಾಗಿ ಕೂರುತ್ತದೆ. ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸೋಪಿಗೆ ಜಗ್ಗುವುದಿಲ್ಲ, ಸ್ಟೀಲ್ ಸ್ಕ್ರಬ್ಬರ್ ಹಾಕಿದರೆ ಕರೆಯ ಜೊತೆ ನಲ್ಲಿಯ ಹೊಳಪೂ ಹೋಗುತ್ತದೆ. ಹುಳಿಗೆ ಮಾತ್ರ ಕರಗುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಪುಡಿ ಎರಡು ದೊಡ್ಡ ಚಮಚ, ಒಂದು ಲೀಟರ್ ಬೆಚ್ಚಗಿನ ನೀರು, ಇಷ್ಟೇ ಸಾಮಾನು. ವಿನೆಗರ್ ಕೂಡ ಆಗುತ್ತದೆ, ಆದರೆ ವಾಸನೆ ಜಾಸ್ತಿ.

ನಲ್ಲಿಯ ಬಾಯಿಗೆ ಬಟ್ಟೆ ಸುತ್ತಿ ಜಾಲರಿಯನ್ನು ತಿರುಗಿಸಿ ಬಿಚ್ಚಿ. ಜಾಲರಿ, ವಾಷರ್ ಯಾವ ಕ್ರಮದಲ್ಲಿದ್ದವು ಅಂತ ಮೊಬೈಲಲ್ಲಿ ಫೋಟೊ ತೆಗೆದಿಡಿ. ವಾಷರ್ ತಲೆಕೆಳಗಾದರೆ ಪಕ್ಕದಿಂದ ನೀರು ಸೋರುತ್ತದೆ. ಜಾಲರಿಯನ್ನು ಪುಡಿ ಕರಗಿಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ, ಅದರಲ್ಲಿ ಸಿಕ್ಕಿಕೊಂಡ ಮರಳನ್ನು ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಶವರ್ ಬಿಚ್ಚಲೇಬೇಕಿಲ್ಲ, ಪ್ಲಾಸ್ಟಿಕ್ ಕವರಿಗೆ ಇದೇ ನೀರು ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಒಂದು ಗಂಟೆಯೊಳಗೆ ತೆಗೆದು ಚೆನ್ನಾಗಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಲೇಪ ಮಂಕಾಗುತ್ತದೆ. ಕಪ್ಪು, ಚಿನ್ನದ ಬಣ್ಣದ ಫಿಟಿಂಗ್‌ಗಳಿಗೆ ಇದನ್ನು ತಾಗಿಸಲೇಬೇಡಿ.

ಕೆಟಲ್‌ನ ಸುಣ್ಣ ತೆಗೆಯುವಾಗ ಜನ ಎಡವುವುದು ಪುಡಿಯನ್ನು ನೀರಿನ ಜೊತೆಗೇ ಹಾಕಿ ಕುದಿಸುವುದರಲ್ಲಿ. ಬರೀ ನೀರು ಕಾಯಿಸಿ, ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಪುಡಿ ಹಾಕಿ. ಕುದಿಯುವ ನೀರಿಗೆ ಹಾಕಿದರೆ ನೊರೆ ಉಕ್ಕುತ್ತದೆ. ಕುದಿಸುತ್ತಲೇ ಇದ್ದರೆ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಮತ್ತೆ ತಳಕ್ಕೆ ಅಂಟಬಹುದು. ಇಪ್ಪತ್ತು ನಿಮಿಷ ಸಾಕು.

ವಿಡಿಯೊಗಳಲ್ಲಿ ತೋರಿಸುವ ನಿಂಬೆ-ಅಡುಗೆ ಸೋಡಾ ಮಿಶ್ರಣ ಇಲ್ಲಿ ದಂಡ. ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ನೊರೆ ಕಂಡು ಕೆಲಸವಾಗುತ್ತಿದೆ ಅಂದುಕೊಳ್ಳುತ್ತೇವೆ, ಕರಗಿಸಲು ಹುಳಿಯೇ ಉಳಿದಿರುವುದಿಲ್ಲ.

ಎರಡು ಎಚ್ಚರಿಕೆಗಳನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಬ್ಲೀಚಿಂಗ್ ಪುಡಿ ಹಾಕಿದ ಕಡೆ ಯಾವ ಹುಳಿಯನ್ನೂ ಸುರಿಯಬಾರದು, ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಇನ್ನೊಂದು, ಶಹಾಬಾದ್ ಮತ್ತು ಕಡಪ ಕಲ್ಲು ಎರಡೂ ಸುಣ್ಣದ ಕಲ್ಲು, ಮಾರ್ಬಲ್ಲೂ ಅದೇ ಜಾತಿ. ಒಂದು ಹನಿ ಬಿದ್ದರೂ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ. ಕೆಳಗೆ ಬಕೆಟ್ ಇಟ್ಟೇ ಕೆಲಸ ಶುರುಮಾಡಿ.

ಗೀಸರ್ ಒಳಗೆ ಮಾತ್ರ ನೀವೇ ಏನೂ ಸುರಿಯಬೇಡಿ, ಅದು ಮೆಕ್ಯಾನಿಕ್ ಕೆಲಸ. ನಾಬ್ 60 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಬಿಸಿ ಏರಿದಷ್ಟೂ ಕಾಯಿಲ್ ಮೇಲೆ ಸುಣ್ಣ ಬೇಗ ಕಟ್ಟುತ್ತದೆ.