ನಾಯಕಿಗೆ ಹೆಸರಿಡುವ ಮೊದಲು ಇನಿಷಿಯಲ್ ಹುಡುಕಿಕೊಳ್ಳಿ

ಪಾತ್ರದ ಗುಣ ನೋಡಿ ಹೆಸರಿಡುವುದು ಹಳೇ ಪದ್ಧತಿ. ಹೊಸ ಪದ್ಧತಿಯನ್ನು ಸೆನ್ಸಾರ್ ಮಂಡಳಿ 2025ರ ಜೂನ್‌ನಲ್ಲಿ ಹೇಳಿಕೊಟ್ಟಿತು. ಮಲಯಾಳಂನ ‘ಜಾನಕಿ ವರ್ಸಸ್ ಸ್ಟೇಟ್ ಆಫ್ ಕೇರಳ’ ಚಿತ್ರದ ನಾಯಕಿ ಅತ್ಯಾಚಾರಕ್ಕೊಳಗಾಗಿ ನ್ಯಾಯ ಕೇಳಲು ಕೋರ್ಟಿಗೆ ಹೋಗುವವಳು. ಅಂಥವಳಿಗೆ ಸೀತಾಮಾತೆಯ ಹೆಸರೇ ಎಂದು ಮಂಡಳಿ ಪ್ರಮಾಣಪತ್ರ ತಡೆಹಿಡಿಯಿತು. ಚಿತ್ರತಂಡ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳು ಜುಲೈ 5ರಂದು ಖುದ್ದು ಸಿನಿಮಾ ನೋಡಿದರು. 96 ಕಟ್‌ಗಳ ಪ್ರಸ್ತಾಪ ಚೌಕಾಸಿಯಾಗಿ ಕೊನೆಗೆ ಎರಡು ಬದಲಾವಣೆಗೆ ನಿಂತಿತು: ಶೀರ್ಷಿಕೆಯಲ್ಲಿ ‘ಜಾನಕಿ ವಿ.’ ಎಂದಾಗಬೇಕು, ಪಾಟಿ ಸವಾಲಿನ ದೃಶ್ಯದಲ್ಲಿ ಹೆಸರು ಮ್ಯೂಟ್ ಆಗಬೇಕು. ಜುಲೈ 17ಕ್ಕೆ ಚಿತ್ರ ತೆರೆಕಂಡಿತು.

ಬರೀ ಜಾನಕಿ ಎಂದರೆ ದೇವಿ. ವಿ. ಸೇರಿದರೆ ವಿದ್ಯಾಧರನ್ ಅವರ ಮಗಳು, ಏನು ಬೇಕಾದರೂ ಆಗಬಹುದು. ನಮ್ಮ ಎಸ್. ಜಾನಕಿಯವರು ಮೊದಲಿನಿಂದಲೂ ಇನಿಷಿಯಲ್ ಇಟ್ಟುಕೊಂಡೇ ಹಾಡಿದ್ದು ಎಂಥ ದೂರದೃಷ್ಟಿ!

ಕಥೆಗಾರರು ಇನ್ನು ಹೆಸರಿನ ಪಟ್ಟಿ ಸೋಸಿಟ್ಟುಕೊಳ್ಳಲಿ. ವಿಷ್ಣು, ಶಿವ, ಲಲಿತೆ, ಮೂರು ಸಹಸ್ರನಾಮ ತೆಗೆದರೆ ಮೂರು ಸಾವಿರ ಹೆಸರು ಖರ್ಚು. ಹೊಳೆಗಳ ಕಡೆ ತಿರುಗಿದರೆ ಗಂಗೆ, ತುಂಗೆ, ಕಾವೇರಿ ಎಲ್ಲರಿಗೂ ಪೂಜೆಯಿದೆ. ಹೂವಿನತ್ತ ಹೋದರೆ ಕಮಲ, ಪದ್ಮ ಇಬ್ಬರೂ ಲಕ್ಷ್ಮಿಯೇ. ಖಳರ ಹೆಸರಿಗಾದರೂ ತಕರಾರಿಲ್ಲ ಅಂದುಕೊಳ್ಳಬೇಡಿ. ಅದೇ ಕೇರಳದ ಕೊಲ್ಲಂ ಜಿಲ್ಲೆಯ ಮಲನಡದಲ್ಲಿ ದುರ್ಯೋಧನನಿಗೆ ದೇವಸ್ಥಾನವಿದೆ, ಮನಾಲಿಯಲ್ಲಿ ಹಿಡಿಂಬೆಗಿದೆ.

ಇಷ್ಟಾಗಿಯೂ ಆಕ್ಷೇಪ ಬಂದರೆ ಮ್ಯೂಟ್ ಇದ್ದೇ ಇದೆ. ಆದರೆ ಅದೂ ಕಸುಬಿನ ಕೆಲಸ. ಮಾತು, ಸಂಗೀತ, ಎಫೆಕ್ಟ್ಸ್ ಬೇರೆ ಬೇರೆ ಟ್ರ್ಯಾಕಿನಲ್ಲಿರುವಾಗಲೇ ಮಾತಿನದನ್ನು ಮಾತ್ರ ಅಡಗಿಸಬೇಕು. ಮಿಕ್ಸಿಂಗ್ ಮುಗಿದ ಟ್ರ್ಯಾಕಿಗೇ ಕತ್ತರಿ ಹಾಕಿದರೆ ಕೋರ್ಟ್ ಹಾಲಿನ ಫ್ಯಾನು, ಕೆಮ್ಮು, ಪಿಟೀಲು ಎಲ್ಲ ಒಟ್ಟಿಗೆ ಸತ್ತು, ಸ್ಪೀಕರ್ ಹೋಯಿತೆಂದು ಪ್ರೇಕ್ಷಕರು ಶಿಳ್ಳೆ ಹಾಕುತ್ತಾರೆ. ತುಟಿ ಇನ್ನೊಂದು ಪೀಡೆ. ‘ಜಾ’ ಎನ್ನಲು ಬಾಯಿ ಅಗಲವಾಗಿ ತೆರೆಯುತ್ತದೆ, ಕ್ಲೋಸಪ್ ಇದ್ದರೆ ಮುಚ್ಚಿಡಲಾಗದು. ಆ ಕ್ಷಣಕ್ಕೆ ಜಡ್ಜ್ ಮುಖದ ಶಾಟ್ ತಂದು ಕೂರಿಸಿ. ಸಬ್‌ಟೈಟಲ್‌ನಲ್ಲೂ ಹೆಸರು ಅಳಿಸಿ, ಇಲ್ಲವಾದರೆ ಕಿವಿಗೆ ಕೇಳದ್ದನ್ನು ಕಣ್ಣು ಓದುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಹಿಂದಿನ ಸಾಲಿನವನೊಬ್ಬ ಬಿಟ್ಟ ಸ್ಥಳ ತುಂಬಿ ಜೋರಾಗಿ ‘ಜಾನಕೀ’ ಎನ್ನುತ್ತಾನೆ. ಅವನಿಗೆ ಸರ್ಟಿಫಿಕೇಟ್ ಬೇಕಿಲ್ಲ.

ನಿಜವಾಗಿ ಅತ್ಯಾಚಾರಕ್ಕೊಳಗಾದ ಹೆಣ್ಣಿನ ಹೆಸರು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಆ ಕಾನೂನು ಇರುವುದು ನಿಜವಾಗಿ ಹುಟ್ಟಿ ಬಂದವಳ ಮಾನ ಕಾಯಲು. ಹುಟ್ಟೇ ಇಲ್ಲದವಳ ಹೆಸರು ಮುಚ್ಚಿದ್ದು ಯಾರ ಮಾನ ಕಾಯಲು ಎಂಬುದು ಮಂಡಳಿಗೇ ಗೊತ್ತು.

ಅಸಲಿಗೆ ಈ ಹೆಸರು ಪಾತ್ರಕ್ಕೆ ಒಪ್ಪಲಿಲ್ಲ ಎಂಬುದೇ ಸುಳ್ಳು, ಅತಿಯಾಗಿ ಒಪ್ಪಿತು. ಅಪಹರಣವಾದವಳು ತಾನು, ಶುದ್ಧಿಯ ಪುರಾವೆ ಕೊಡಬೇಕಾದವಳೂ ತಾನೇ. ಆ ಪಾಟಿ ಸವಾಲನ್ನು ಬೆಂಕಿಯಲ್ಲಿ ನಿಂತು ಎದುರಿಸಿದವಳ ಹೆಸರಲ್ಲವೇ ಅದು? ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ತುಂಬು ಗರ್ಭಿಣಿಯನ್ನು ಲಕ್ಷ್ಮಣ ಕಾಡಿನಲ್ಲಿ ಬಿಟ್ಟುಬರುವ ಪದ್ಯಗಳಿಗೆ ಕನ್ನಡಿಗರು ತಲೆಮಾರುಗಳಿಂದ ಕಣ್ಣೀರು ಹಾಕಿದ್ದಾರೆ. ಇಂದು ಆ ಕವಿ ಅರ್ಜಿ ಹಾಕಿದ್ದರೆ ಅಗಸನ ಮಾತಷ್ಟೂ ಮ್ಯೂಟ್, ಶೀರ್ಷಿಕೆಯಲ್ಲಿ ‘ಸೀತೆ ಜೆ.’, ಲಕ್ಷ್ಮಣನ ಇನಿಷಿಯಲ್‌ಗೆ ಇನ್ನೊಂದು ಹಿಯರಿಂಗ್.