ಸಿಂಗಳೀಕರ ಮನೆಯ ಮುಯ್ಯಿ

ನಮ್ಮ ಮದುವೆಗೆ ಬಂದ ಗೋಡೆ ಗಡಿಯಾರ ಏಳು. ಹಾಟ್‌ಬಾಕ್ಸ್ ಹನ್ನೊಂದು. ‘ಉಡುಗೊರೆ ಬೇಡ’ ಅಂತ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ ಮೇಲೂ ಬಂದ ಲೆಕ್ಕ ಇದು. ಹಾಕಿಸದೇ ಇದ್ದಿದ್ದರೆ ಶಿರಸಿಯಲ್ಲಿ ಒಂದು ಅಂಗಡಿ ಇಡಬಹುದಿತ್ತು.

ಉಪಾಯ ನನ್ನದೇ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಸಾಮಾನು ಇಡಲು ಜಾಗ ಇಲ್ಲ ಎನ್ನುವುದು ಒಳಗಿನ ಕಾರಣ. ಹೊರಗೆ ಹೇಳಿಕೊಳ್ಳಲು ಸ್ವಲ್ಪ ಘನವಾದ ಕಾರಣ ಬೇಕಲ್ಲ? ಸಿಂಗಳೀಕ ಸಿಕ್ಕಿತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮಂಗ. ಕಪ್ಪು ಮೈ, ಮುಖದ ಸುತ್ತ ಬೂದು ಗಡ್ಡ, ಸಿಂಹದ ಹಾಗೆ ಬಾಲದ ತುದಿಗೊಂದು ಕುಚ್ಚು. ಕಾಡಿನಲ್ಲಿ ಉಳಿದಿರುವುದು ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ, ಅಷ್ಟೇ. ಅದರಲ್ಲಿ ಒಂದು ಪಾಲು ನಮ್ಮ ಶಿರಸಿ, ಹೊನ್ನಾವರದ ಕಾಡಿನಲ್ಲೇ ಇದೆ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಅದರ ಹೆಸರಿನಲ್ಲೇ ಮೀಸಲು ಪ್ರದೇಶ ಮಾಡಿದ್ದಾರೆ. ಅಂದರೆ ನಮ್ಮ ನೆರೆಮನೆಯವರೇ ಅನ್ನಿ.

ಮೊದಲ ಎಡವಟ್ಟು ಪ್ರೆಸ್ಸಿನಲ್ಲಿ ಆಯಿತು. ನಾನು ಬರೆದುಕೊಟ್ಟದ್ದು ‘ಸಿಂಗಳೀಕಗಳ ಉಳಿವಿಗೆ ಕಾಣಿಕೆ ನೀಡಿ’ ಅಂತ. ಅಚ್ಚಾಗಿ ಬಂದದ್ದು ‘ಸಿಂಗಳೀಕರ ಉಳಿವಿಗೆ’. ಕೇಳಿದರೆ ಪ್ರೆಸ್ಸಿನವರು, “ಮದುವೆ ಪತ್ರಿಕೆ ಅಲ್ವಾ, ಗೌರವ ಇರಲಿ ಅಂತ ನಾನೇ ತಿದ್ದಿದೆ” ಅಂದರು. ಅಷ್ಟರಲ್ಲಿ ಅರ್ಧ ಊರಿಗೆ ಪತ್ರಿಕೆ ಹಂಚಿ ಆಗಿತ್ತು.

ನಮ್ಮ ಜಿಲ್ಲೆಯಲ್ಲಿ ಹೆಸರಿನ ಕೊನೆಗೆ ‘ಕರ’ ಬಂದರೆ ಅದು ಅಡ್ಡಹೆಸರು. ಅಂಕೋಲೇಕರ, ಶಿರಾಲಿಕರ ಇದ್ದ ಹಾಗೆ ಸಿಂಗಳೀಕರ. ಫೋನು ಶುರುವಾಯಿತು. “ಪಾಪ, ಎಂತಾ ಆಗಿತ್ತು ಅವರಿಗೆ? ಆಪರೇಶನ್ನಾ?” “ಹುಡುಗಿ ಕಡೆ ಸಂಬಂಧವಾ?” ದೂರದ ದೊಡ್ಡಮ್ಮನೊಬ್ಬರು ಅವರ ಮನೆಯಲ್ಲಿ ಮದುವೆ ವಯಸ್ಸಿನ ಗಂಡುಮಕ್ಕಳಿದ್ದಾರಾ ಅಂತಲೂ ವಿಚಾರಿಸಿದರು.

ಇದು ಮನುಷ್ಯರಲ್ಲ, ಮಂಗ ಅಂತ ಹೇಳಿದ ಮೇಲೆ ಕಷ್ಟ ಜಾಸ್ತಿಯಾಯಿತು. ನಮ್ಮೂರಿನ ಅಡಿಕೆ ಬೆಳೆಗಾರರ ಎದುರು ಮಂಗನ ಹೆಸರು ಎತ್ತಬಾರದು ಎನ್ನುವ ಸಾಮಾನ್ಯ ಜ್ಞಾನ ನನಗಿರಬೇಕಿತ್ತು. ಅಡಿಕೆಯ ಹೂಗೊನೆ ಸಿಂಗಾರ ಕಿತ್ತು ಹಾಕುವುದು ಮಂಗ, ಬಾಳೆಗೊನೆ ಮುಗಿಸುವುದು ಮಂಗ, ಎಳನೀರು ಕುಡಿದು ಕಾಯಿ ಕೆಳಗೆಸೆಯುವುದೂ ಮಂಗ. ದಿನಾ ಕವಣೆ ಹಿಡಿದು ತೋಟ ಸುತ್ತುವ ದೊಡ್ಡಪ್ಪನಿಗೆ ನಾನು ಮಂಗನಿಗಾಗಿ ಕಾಣಿಕೆ ಕೇಳಿದ್ದೆ. ತೋಟಕ್ಕೆ ಬರುವುದು ಕೆಂಪು ಮೂತಿಯದ್ದು, ಸಿಂಗಳೀಕ ಸಂಕೋಚದ ಪ್ರಾಣಿ, ದಟ್ಟ ಕಾಡಿನ ಮರದ ತುದಿ ಬಿಟ್ಟು ಕೆಳಗಿಳಿಯುವುದೇ ಅಪರೂಪ ಅಂತೆಲ್ಲ ವಿವರಿಸಿದೆ. “ಸಂಕೋಚದ ಮಂಗ!” ಅಂತ ದೊಡ್ಡಪ್ಪ ಎಲೆಯಡಿಕೆ ಕವಳ ಉಗುಳಿ ಬಂದರು.

ಸುಮ್ಮನಿರಬೇಕಿತ್ತು. ನಾನು ಮುಂದುವರಿದು, ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳು ರಸ್ತೆ ದಾಟಲು ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ ಅಂದೆ. ಜಗಲಿ ಒಂದು ಕ್ಷಣ ತಣ್ಣಗಾಯಿತು. ಆಮೇಲೆ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನಮ್ಮ ಕೇರಿಗೆ ಇನ್ನೂ ಒಂದು ಕಾಲುಸಂಕ ಆಯ್ದಿಲ್ಲೆ. ಮಂಗಂಗೆ ಸೇತುವೆಯಡ!”

ನಿಜವಾದ ವಿರೋಧ ಪಕ್ಷ ಮಾತ್ರ ಅಡುಗೆಮನೆಯಲ್ಲಿತ್ತು. ಅಮ್ಮನ ಹತ್ತಿರ ಕಂದು ರಟ್ಟಿನ ಒಂದು ಉದ್ದ ಪುಸ್ತಕ ಇದೆ. ಅವಳ ಮದುವೆಯಾದ 1989ರಿಂದ ಶುರು. ಬಂದ ಮುಯ್ಯಿ ಎಡಗಡೆ, ಕೊಟ್ಟ ಮುಯ್ಯಿ ಬಲಗಡೆ. ‘ಹೊಸ್ಮನೆ, ಉಪನಯನ, 51’. ‘ಕೆಳಗಿನಕೇರಿ, ಗೃಹಪ್ರವೇಶ, ಸ್ಟೀಲ್ ಡಬ್ಬಿ (ಮುಚ್ಚಳ ಸಡಿಲ)’. ಬಲಗಡೆ ಪುಟ ತುಂಬಿ ತುಳುಕುತ್ತಿತ್ತು, ಎಡಗಡೆ ಖಾಲಿ ಖಾಲಿ. ನಾನು ಒಬ್ಬನೇ ಮಗ. ಅಮ್ಮ ಪುಸ್ತಕ ನನ್ನ ಮುಂದಿಟ್ಟು, “ತಮಾ, ನೀ ಇದ್ನ ಉಡುಗೊರೆ ಹೇಳಿ ತಿಳ್ಕಂಡಿದ್ದೆ. ಇದು ಆನು ಮೂವತ್ತು ವರ್ಷ ಇಟ್ಟ ಠೇವಣಿ” ಅಂದಳು.

ಬೇಡ ಅನ್ನಲು ಅದು ನನ್ನ ದುಡ್ಡಾದರೆ ತಾನೆ! ಗದ್ದೆ ನೆಟ್ಟಿಗೆ ಇವತ್ತು ನಾವು ಅವರ ಮನೆಗೆ, ನಾಳೆ ಅವರು ನಮ್ಮ ಮನೆಗೆ ಹೋಗುವ ಮುಯ್ಯಾಳಿನ ಲೆಕ್ಕವೇ ಇದು. ನಡುವೆ ನಾನು ಒಂದು ಮಂಗನನ್ನು ತಂದು ಕೂರಿಸಿದ್ದೆ. ಮಂಗನ ಮನೆಯಲ್ಲಿ ಉಪನಯನ ಆಗುತ್ತದಾ, ಮುಯ್ಯಿ ತಿರುಗಿ ಬರಲಿಕ್ಕೆ?

ಮದುವೆ ದಿನ ಸಭಾಭವನದ ಬಾಗಿಲಲ್ಲಿ ಪೆಟ್ಟಿಗೆ ಇಟ್ಟೆವು. ಮೇಲೆ ಸಿಂಗಳೀಕದ ದೊಡ್ಡ ಫೋಟೊ, ಪಕ್ಕದಲ್ಲಿ ಕ್ಯೂಆರ್ ಕೋಡ್. ಭವನದೊಳಗೆ ನೆಟ್‌ವರ್ಕ್ ಇಲ್ಲ, ಹಿಂದಿನ ಗುಡ್ಡ ಹತ್ತಬೇಕು. ಹತ್ತಿ ಹೋದ ನನ್ನ ಇಬ್ಬರು ಸಹೋದ್ಯೋಗಿಗಳು ಎರಡನೇ ಪಂಕ್ತಿ ಎದ್ದ ಮೇಲೆ ವಾಪಸು ಬಂದರು. ಕಣ್ಣಿನ ಪೊರೆ ಬಂದ ಅತ್ತೆಯೊಬ್ಬರು ಫೋಟೊಕ್ಕೆ ಕೈಮುಗಿದು, “ನಿನ್ನ ಅಜ್ಜಯ್ಯಂದಾ? ಗಡ್ಡ ಚೊಲೋ ಬಂಜು” ಅಂದರು. ಅಜ್ಜನಿಗೆ ಗಡ್ಡ ಇರಲಿಲ್ಲ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಇನ್ನು ಚಿಕ್ಕಪ್ಪನ ಮಗ. ಆಡಿಟರ್ ಆಫೀಸಿನಲ್ಲಿ ಕೆಲಸ. ದಾನಕ್ಕೆ 80ಜಿ ರಸೀದಿ ಸಿಗಬೇಕಾದರೆ ವಿವರ ಬೇಕು, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ ಅಂತ ತಾನೇ ಪೆಟ್ಟಿಗೆ ಪಕ್ಕ ಕುರ್ಚಿ ಹಾಕಿಕೊಂಡ. ಬಂದವರಿಗೆ ಪನ್ನೀರು ಚಿಮುಕಿಸುವ ಹೊತ್ತಿಗೆ ಇವನು ಪ್ಯಾನ್ ನಂಬರ್ ಕೇಳುತ್ತಿದ್ದ. ಕೆಲವರು ಹಿಂಬಾಗಿಲಿಂದ ನೇರ ಊಟಕ್ಕೇ ಹೋದರು.

ರಾತ್ರಿ ಪೆಟ್ಟಿಗೆ ಒಡೆದೆವು. 101, 251, 501. ಒಂದು ರೂಪಾಯಿ ನಾಣ್ಯ ಬಿಡಿಸಿ ಬಿಡಿಸಿ ಉಗುರು ನೋವು ಬಂತು. ಒಟ್ಟು 38,746. ಎಲ್ಲ ಲಕೋಟೆಯ ಮೇಲೂ ಹೆಸರು, ಊರು, ಮನೆ ನೀಟಾಗಿ ಬರೆದಿತ್ತು. ದಾನ ಮಾಡುವವರು ಹೀಗೆ ಬರೆಯುವುದಿಲ್ಲ, ಸಾಲ ಕೊಡುವವರು ಬರೆಯುತ್ತಾರೆ. ಅಮ್ಮ ಸದ್ದಿಲ್ಲದೆ ಎಲ್ಲವನ್ನೂ ಎಡಗಡೆ ಪುಟಕ್ಕೆ ಇಳಿಸಿಕೊಂಡಳು. ಅಂದರೆ ಇಷ್ಟೂ ಮನೆಗೆ ಮುಂದೆ ನಾವು ತಿರುಗಿ ಕೊಡಬೇಕು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಆ ಮೇಕೆ ನಾವೇ. ಮರುದಿನ ದುಡ್ಡು ಕಾಡಿನ ಕೆಲಸ ಮಾಡುವ ಸಂಸ್ಥೆಗೆ ಹೋಯಿತು. ಬಲಗಡೆ ಪುಟದಲ್ಲಿ ಹೊಸ ಸಾಲು: ‘ಸಿಂಗಳೀಕರ ಮನೆ, 38,746’.

ಆ ಮಳೆಗಾಲ ಜೋಗದಿಂದ ಹೊನ್ನಾವರಕ್ಕೆ ಘಟ್ಟ ಇಳಿಯುವಾಗ, ಕತ್ತಲೆಕಾನಿನ ಹತ್ತಿರ ಹೆಂಡತಿ ಕಾರು ನಿಲ್ಲಿಸಿದಳು. ಉಪ್ಪಗೆ ಮರದಲ್ಲಿ ಕಪ್ಪಗೆ ಏನೋ ಅಲ್ಲಾಡುತ್ತಿತ್ತು. ಅಮ್ಮ ಕಿಟಕಿ ಇಳಿಸಿ ಪಂಕ್ತಿಗೆ ಎಲೆ ಎಣಿಸುವವಳ ಹಾಗೆ ಎಣಿಸಿದಳು. “ಹದಿನಾಲ್ಕು. ಒಂದರ ಹೊಟ್ಟೆಗೆ ಮರಿ ಅಂಟ್ಕಂಡಿದ್ದು.” ಅಷ್ಟರಲ್ಲಿ ಮೇಲಿಂದ ಬಾನೆಟ್ ಮೇಲೆ ದಡ್ ಅಂತ ಏನೋ ಬಿತ್ತು. ಅರ್ಧ ತಿಂದ ಉಪ್ಪಗೆ ಹಣ್ಣು. ಅಮ್ಮ ಇಳಿದು, ತಿರುಗಿಸಿ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡಳು.

ರಾತ್ರಿ ಪುಸ್ತಕ ತೆಗೆದು ನೋಡಿದೆ. ಎಡಗಡೆ ಪುಟದ ಕೊನೆಯ ಸಾಲು: ‘ಸಿಂಗಳೀಕರ ಮನೆ, ಉಪ್ಪಗೆ 1 (ಕಚ್ಚಿದ್ದು)’.